ಪಾಲಕ್ ಸೊಪ್ಪಿಗೊಂದು ಎಕ್ಸ್-ರೇ

ಯಾರ ಪೈಕಿ?

ಹೊಳೆನರಸೀಪುರ ದಾಟಿ ಅರಕಲಗೂಡಿನ ಕಡೆ ಹೊರಟವಳು ಬೆಳಬೆಳಗ್ಗೆಯೇ ದಾರಿ ತಪ್ಪಿದ್ದೆ. ದೇಶದೇಶ ಸುತ್ತಿದರೂ ನನಗೆ ಇಂಥದ್ದೆಲ್ಲ ಆಗುವುದು ನಮ್ಮ ಜಿಲ್ಲೆಯಲ್ಲೇ. ಡೇರಿ ಮುಂದೆ ಹಾಲಿನ ಕ್ಯಾನು ಇಳಿಸುತ್ತಿದ್ದ ಯಜಮಾನರನ್ನು ಕೇಳಿದೆ: "ಪಾಲಕ್ ಸೊಪ್ಪು ಬೆಳೀತಾರಲ್ಲ, ಆ ಅಮ್ಮನ ತೋಟ ಎಲ್ಲಿ ಬರುತ್ತೆ?"

"ಯಾವೂರ್ನೋರವ್ವಾ? ಯಾರ್ ಪೈಕಿ?"

ದಾರಿ ಆಮೇಲೆ, ಮೊದಲು ನೆಂಟಸ್ತನ. ಹಾಸನದ ಸೋದರತ್ತೆಯವರೆಗೆ ಎಲ್ಲ ಹೇಳಿದೆ.

"ಸೊಪ್ಪು ಏನಕ್ಕೆ?"

"ಎಕ್ಸ್-ರೇ ತೆಗೆಯೋಕೆ."

ಕ್ಯಾನು ಕೆಳಗಿಟ್ಟರು. "ಅಯ್ಯೋ ಪಾಪ! ಎಲ್ಲಾರ ಮುರ್ಕಂಡೈತಾ?"

ಬಸ್ಸಾರು

ತಪ್ಪು ಅವರದಲ್ಲ. ಎಲೆ ಬಿಸಿಲಿನ ಬಲದಿಂದ ನೀರನ್ನು ಒಡೆಯುತ್ತದೆ. ನಮ್ಮ ಉಸಿರಿನ ಆಮ್ಲಜನಕ ಬರುವುದು ಅಲ್ಲಿಂದ. ಆ ಕೆಲಸ ಮಾಡುವುದು ಎಲೆಯೊಳಗಿನ ಮ್ಯಾಂಗನೀಸ್ ಎಂಬ ಲೋಹ. ಎಕ್ಸ್-ರೇ ಹಾಯಿಸಿ ಅದರ ಕ್ಷೇಮ ಸಮಾಚಾರ ವಿಚಾರಿಸುವುದು ನನ್ನ ಉದ್ಯೋಗ. ಯಂತ್ರ ಇರುವುದು ಪರದೇಶದಲ್ಲಿ. ಸರದಿ ಸಿಗುವುದೇ ಅಪರೂಪ, ತಪ್ಪಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಅಂತೂ ಸರದಿ ಬಂತು. ದಾರಿ ತಪ್ಪಿದ್ದರ ಹಿಂದಿನ ದಿನವೇ ಔಷಧಿ ಹೊಡೆಯದ ಸೊಪ್ಪು ಹುಡುಕಿ ತಂದು, ಬೆಳಕು ತಾಗದಂತೆ ಕರಿ ಬಟ್ಟೆ ಸುತ್ತಿ, ಅತ್ತೆಯ ಫ್ರಿಜ್ಜಿನಲ್ಲಿಟ್ಟಿದ್ದೆ.

"ಅತ್ತೆ, ನನ್ನ ಸೊಪ್ಪು ಎಲ್ಲಿ?"

"ಬಾಡ್ತಾ ಇತ್ತು ಕಣೇ, ಬಸ್ಸಾರು ಮಾಡ್ದೆ. ಇನ್ನೊಂದು ಮುದ್ದೆ ಹಾಕ್ಲಾ?"

ಅಳು ನುಂಗಿಕೊಂಡು ಹಾಕಿಸಿಕೊಂಡೆ. ವಿಜ್ಞಾನಕ್ಕೆ ನಷ್ಟವಾಯಿತು ನಿಜ, ಸಾರನ್ನು ಮಾತ್ರ ಹೀಗಳೆಯಲಾರೆ.

ಡಬ್ಬ

ಮಾರನೆಯ ಬೆಳಗಿನ ಆ ಹುಡುಕಾಟದಲ್ಲಿ ಕಡೆಗೂ ತೋಟ ಸಿಕ್ಕಿತು. ಸೊಪ್ಪಿನಮ್ಮ ನನ್ನ ಕಥೆ ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಇಬ್ಬನಿ ಆರದ ಎಳೆ ಸೊಪ್ಪು ಕಿತ್ತು ಮುಚ್ಚಳದ ಸ್ಟೀಲ್ ಡಬ್ಬಕ್ಕೆ ತುಂಬಿದರು. ದುಡ್ಡು ಮುಟ್ಟಲಿಲ್ಲ.

"ಡಬ್ಬ ವಾಪಸ್ ತಂದ್ಕೊಡು. ನನ್ ಸೊಪ್ಪು ಎಂಗಿತ್ತು ಅಂತಾನೂ ಏಳು."

ಬೆಂಗಳೂರಿನ ನಮ್ಮ ಲ್ಯಾಬಿನಲ್ಲಿ ತೆಗೆದ ಸೊಪ್ಪಿನ ಸತ್ವ ಹೆಪ್ಪುಗಟ್ಟಿ ನನ್ನ ಜೊತೆ ವಿಮಾನ ಹತ್ತಿತು. ಡಬ್ಬ ಲ್ಯಾಬಿನಲ್ಲೇ ಉಳಿಯಿತು. ನಮ್ಮ ಕಡೆ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವಂತಿಲ್ಲ. ತಿರುಗಿ ಬಂದ ಮೇಲೆ ಅದರ ಮುಖ ನೋಡಿದಾಗಲೆಲ್ಲ ಅತ್ತೆಯ ಗಂಟಲೇ ಕೇಳುತ್ತಿತ್ತು: "ಬರೀ ಕೈಲಿ ಹೋಗ್ತೀಯೇನೇ?"

ನಿಂತಿರುವವರು

ಪ್ರಯೋಗ ಗೆದ್ದಿತ್ತು. ಡಬ್ಬ ಹಿಡಿದು ಹಾಸನಕ್ಕೆ ಹೊರಟಾಗ ಚನ್ನರಾಯಪಟ್ಟಣದ ಶಾಲೆಯೊಂದರಲ್ಲಿ ಮಾತಾಡಲು ಕರೆದರು.

"ಎಲೆಯೊಳಗೆ ನೀರು ಒಡೆಯೋ ಜಾಗದಲ್ಲಿ ನಾಲ್ಕು ಮ್ಯಾಂಗನೀಸ್, ಜೊತೆಗೊಂದು ಕ್ಯಾಲ್ಸಿಯಂ," ಎಂದೆ. "ಎಲೆಕ್ಟ್ರಾನ್ ಹೊರೋದು ಆ ನಾಲ್ಕು."

"ಕ್ಯಾಲ್ಸಿಯಂ ಸುಮ್ನೆ ನಿಂತಿರುತ್ತಾ ಮೇಡಂ?" ಕೈಕಟ್ಟಿ ನಿಂತಿದ್ದ ಹೆಡ್‌ಮಾಸ್ಟರು ಕೇಳಿದರು.

"ನೋಡೋಕೆ ಹಾಗೆ ಕಾಣುತ್ತೆ ಸಾರ್. ತೆಗೆದರೆ ಕೆಲಸವೇ ನಿಂತುಹೋಗುತ್ತೆ."

ಅವರು ಮೇಷ್ಟ್ರುಗಳ ಕಡೆ ತಿರುಗಿದರು. "ನಾನೂ ಅದನ್ನೇ ಅಲ್ವೇನ್ರೀ ಹೇಳ್ತಿರೋದು?"

ಬಾಕಿ ಚುಕ್ತಾ

ಹಾಸನದಲ್ಲಿ ಅತ್ತೆ ಡಬ್ಬದ ತುಂಬ ಕೋಡುಬಳೆ ತುಂಬಿದರು. "ಬಸ್ಸಾರಿನ ಪ್ರಾಯಶ್ಚಿತ್ತ ಅಂತ ಹೇಳು."

ಸೊಪ್ಪಿನಮ್ಮ ಹೊಳೆನರಸೀಪುರದ ಮಾರ್ಕೆಟ್ಟಿನಲ್ಲಿ ಗಿರಾಕಿಯೊಬ್ಬಳ ಚೌಕಾಸಿಗೆ ಸಿಕ್ಕಿಕೊಂಡಿದ್ದರು. ಡಬ್ಬ ಕೊಟ್ಟು, ಗೆರೆ ಎಳೆದ ಹಾಳೆಯೊಂದನ್ನು ಮೇಲಿಟ್ಟೆ.

"ಇದೇ ನಿಮ್ಮ ಸೊಪ್ಪಿನ ಎಕ್ಸ್-ರೇ. ಈ ಗುಡ್ಡದ ಹಾಗೆ ಎದ್ದಿದೆಯಲ್ಲ, ಅದು ಒಳಗಿನ ಲೋಹದ ಗುರುತು. ಇಷ್ಟು ಚೆನ್ನಾಗಿ ನಾನು ಯಾವತ್ತೂ ನೋಡಿರಲಿಲ್ಲ. ನೀವು ಕೊಡದಿದ್ದರೆ ನನ್ನ ಸರದಿ ಹೋಗೇಬಿಡ್ತಿತ್ತು ಕಣಮ್ಮ."

ಒದ್ದೆ ಕೈ ಒರೆಸಿಕೊಂಡು ಹಾಳೆ ಹಿಡಿದರು. "ಅಂಗಾರೆ ಪಾಸು?"

"ಫಸ್ಟ್ ಕ್ಲಾಸು."

ನನ್ನ ಕಣ್ಣು ತುಂಬಿ ಬಂತು. ಅವರದೂ ತುಂಬಿತ್ತೋ ಏನೋ, ನೋಡಲು ಪುರಸೊತ್ತು ಕೊಡಲಿಲ್ಲ. ಹಾಳೆಯನ್ನು ಗಿರಾಕಿಯ ಮೂಗಿನ ಮುಂದೆ ಹಿಡಿದಿದ್ದರು.

"ನೋಡವ್ವಾ, ಫಾರಿನ್ನಾಗೆ ಎಕ್ಸ್-ರೇ ತೆಗ್ಸಿವ್ನಿ. ಒಂದು ದಂಟೂ ಮುರ್ದಿಲ್ಲ. ನೀನು ನೋಡುದ್ರೆ ಇನ್ನೊಂದು ಕಟ್ಟು ಕೊಸರು ಕೇಳ್ತೀಯಾ?"