ಲಕ್ಕಿ ತಪ್ಪಲಿನ ಮೌನ

ಮಾಯಪ್ಪನ ಕುತ್ತಿಗೆಯಲ್ಲಿ ನಿಂಬೆಕಾಯಿಯಷ್ಟು ಗಂಟು ಎದ್ದಿತ್ತು. ಮಿರಜಿನ ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟು ತರಲು ಅಳಿಯ ವಿಕ್ರಾಂತ ಹೋಗಿದ್ದ. ಕ್ಯಾನ್ಸರ್ ಎಂಬ ಮಾತನ್ನು ಡಾಕ್ಟರು ಆಡಿರಲಿಲ್ಲ. ಅವನ ಊರಾದ ಸತ್ತಿಯಲ್ಲಿ ಮಾತ್ರ ಆಡದವರೇ ಇರಲಿಲ್ಲ.

ಜ್ಞಾನದೇವ ಮಾಸ್ತರರು ಪೇಪರು ಓದಿ ಹೇಳಿದರು: "ಗಿಡದಾಗ ಫ್ಲೇವನಾಯ್ಡ್ ಅಂತ ಇರತಾವಂತ ಮಾಯಪ್ಪಣ್ಣ. ಕ್ಯಾನ್ಸರ್ ಬೆಳಿಯೂದು, ಹಬ್ಬೂದು ಎರಡೂ ತಡೀಬಹುದಂತ. ಆದ್ರ ಇನ್ನೂ ಪ್ರಯೋಗಶಾಲ್ಯಾಗಷ್ಟ ನೋಡ್ಯಾರ..."

ಸಾಯುವ ಭಯ ಹೊಕ್ಕವನಿಗೆ "ಆದ್ರ" ಎಂಬುದು ಕೇಳಿಸುತ್ತದೆಯೇ? ಮಾಯಪ್ಪ ನೇರವಾಗಿ ನಾಟಿ ಔಷಧಿಯ ಚನ್ನವ್ವನ ಮನೆಗೆ ಹೋದ.

"ಹೊಳಿ ದಂಡಿ ಲಕ್ಕಿ ಗಿಡದ ತಪ್ಪಲದಾಗ ಅದೆಲ್ಲಾ ಐತಿ. ನಸುಕಿನ್ಯಾಗ ಹೋಗಿ ಹರಕೊಂಡ ಬಾ. ಮನಿಗೆ ಬಂದು ತಿನ್ನೂತನಾ ಬಾಯಿ ಬಿಡಬ್ಯಾಡ. ಬಿಟ್ಟಿ, ಔಷಧ ಮಣ್ಣಾತು" ಎಂದಳು ಆಕೆ.

ಮರುದಿನ ಕೃಷ್ಣೆಯ ಮೇಲೆ ಮಂಜು ಕವಿದಿತ್ತು. ಲಕ್ಕಿಯ ಸೊಪ್ಪು ಹರಿಯುವಾಗ ಮಾಯಪ್ಪ ಕಾಲು ಜಾರಿ ಎದೆಮಟ ನೀರಿಗೆ ಬಿದ್ದ. ಕೂಗುವ ಹಾಗಿಲ್ಲ. ಹೇಗೋ ಮೇಲೆ ಬಂದು ಊರ ಕಡೆ ಹೊರಟ.

ಬೀದಿನಾಯಿಯನ್ನೂ ಮಾತಾಡಿಸದೆ ಬಿಡದ ಚಹಾದಂಗಡಿಯ ತಾತ್ಯಾಸಾಹೇಬ ಇವನ ಕಡೆ ಕಣ್ಣೆತ್ತಲಿಲ್ಲ. ಕಸ ಗುಡಿಸುತ್ತಿದ್ದ ಸತ್ತೆವ್ವ ಗೋಡೆಗೆ ಮುಖ ತಿರುಗಿಸಿದಳು. ಜೀವದ ಗೆಳೆಯ ಭರಮು ಎದುರಿಗೆ ಬಂದವನು ಬಂದ ದಾರಿಯಲ್ಲೇ ವಾಪಸು ಹೋದ.

ಮಾಯಪ್ಪನಿಗೆ ಅನುಮಾನ ಹುಟ್ಟಿತು. ತಾನು ಹೊಳೆಯಿಂದ ಮೇಲೆ ಬಂದದ್ದು ನಿಜವೇ? ನೆರಳು ಹುಡುಕಿದ, ಮಂಜಿನಲ್ಲಿ ಕಾಣಲಿಲ್ಲ. ಪಾದ ಹಿಂದುಮುಂದಾಗಿವೆಯೇ ಎಂದು ಬಗ್ಗಿ ನೋಡಿಕೊಂಡ. ಅವು ನೆಟ್ಟಗಿದ್ದವು, ಆದರೂ ಧೈರ್ಯ ಬರಲಿಲ್ಲ.

ಮನೆಯಂಗಳದ ತುಂಬ ಜನ. ಹೆಂಡತಿ ಭೀಮಾಬಾಯಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಇವನು ಒಳಗೆ ಕಾಲಿಟ್ಟದ್ದೇ ತಡ, ಎಲ್ಲರೂ ಗಪ್ಪಾಗಿ ನೆಲ ನೋಡತೊಡಗಿದರು. ಮಾಯಪ್ಪ ಸೊಪ್ಪು ಬಾಯಿಗೆ ತುರುಕಿ ಅಗಿದ. ಕಹಿ ನೆತ್ತಿಗೇರಿತು. ಸತ್ತವನ ನಾಲಿಗೆಗೆ ಇಷ್ಟು ಕಹಿ ಹತ್ತಲಾರದು!

ನುಂಗಿದ್ದೇ ಅಂಗಳ ಭೋರ್ಗರೆಯಿತು. "ವಿಕ್ರಾಂತನ ಫೋನ್ ಬಂದಿತ್ರಿ! ಕ್ಯಾನ್ಸರ್ ಅಲ್ಲಂತ, ಬರೇ ಕೊಬ್ಬಿನ ಗಂಟಂತ!" ಎಂದು ಭೀಮಾಬಾಯಿ ಅಳುತ್ತಲೇ ನಕ್ಕಳು.

"ಔಷಧ ತರಾಂವನ್ನ ಮಾತಾಡಸಬ್ಯಾಡ್ರಿ, ಮಾರಿ ನೋಡಬ್ಯಾಡ್ರಿ ಅಂತ ಊರಿಗೆಲ್ಲಾ ನಾನ ಹೇಳಿದ್ನಿ" ಎಂದಳು ಚನ್ನವ್ವ.

ಮಾಯಪ್ಪನಿಗೆ ಖುಷಿಯಿಂದ ಕಣ್ಣೀರು ಬಂತು. "ಹಂಗಾದ್ರ ಈ ತಪ್ಪಲ ಬ್ಯಾಡಾಗಿತ್ತಲಾ?"

"ಬ್ಯಾಡಾಗಿತ್ತ?" ಚನ್ನವ್ವ ಸಿಡುಕಿದಳು. "ನೀ ಗಿಡಕ್ಕ ಕೈ ಹಚ್ಚೂದಕ್ಕೂ ಫೋನ್ ಬರೂದಕ್ಕೂ ಒಂದ ಟೈಮ್ ಆತು. ನಿನ್ನ ಕೈಗುಣ ಅದು!"

"ರಿಪೋರ್ಟ್ ನಾಕ ದಿನದ ಹಿಂದನ ತಯಾರಾಗಿತ್ತಂತ್ರಿ..." ಎಂದ ಮಾಸ್ತರರ ಮಾತು ಯಾರಿಗೂ ಬೇಕಿರಲಿಲ್ಲ. ಮೊಣಕಾಲು ನೋವಿನವರು, ದಮ್ಮಿನವರು ಆಗಲೇ ಪಾಳಿ ಹಚ್ಚಿದ್ದರು. ನಲವತ್ತೊಂದು ದಿನ ಮಾಯಪ್ಪನೇ ಸೊಪ್ಪು ತರಬೇಕೆಂದು ಊರು ತೀರ್ಮಾನಿಸಿತು.

ಮರುದಿನ ನಸುಕಿನಲ್ಲಿ ಅವನು ಹೊರೆ ಹೊತ್ತು ಬರುವಾಗ ಊರಿಗೆ ಊರೇ ಗೋಡೆಗೆ ಮುಖ ಮಾಡಿತು. ಮಂಜಿನಲ್ಲಿ ಒಬ್ಬ ಮಾತ್ರ ನಗುತ್ತ ಜೊತೆಗೆ ಹೆಜ್ಜೆ ಹಾಕಿದ. ಅವನು ಕುರಿ ಕಾಯುತ್ತಿದ್ದ ಮಾಳೇಶ. ಹೋದ ಪಂಚಮಿಯ ಮರುದಿನ ಅವನ ಹೆಣಕ್ಕೆ ಮಣ್ಣು ಕೊಟ್ಟವರಲ್ಲಿ ಮಾಯಪ್ಪನೂ ಇದ್ದ. ಕಿರುಚಲು ಬಾಯಿ ತೆರೆದರೆ ಪಾಳಿ ಹಚ್ಚಿದ ಅಷ್ಟೂ ರೋಗಿಗಳ ಔಷಧಿ ಮಣ್ಣು.

ಮಾಳೇಶ ಹೆಗಲ ಮೇಲೆ ತಣ್ಣನೆಯ ಕೈ ಇಟ್ಟು ಸಮಾಧಾನ ಹೇಳಿದ: "ನಿನ್ನೂ ಯಾರೂ ಮಾತಾಡಸವಲ್ರೇನ? ಮೊದಮೊದಲ ಭಾಳ ತ್ರಾಸ ಆಗ್ತೈತಿ. ಆಮ್ಯಾಲ ರೂಢಿ ಆಗ್ತೈತಿ ತಗೋ."