ಗೌರವ ಪ್ರತಿ

“ಐದುನೂರು ಪುಸ್ತಕದಾಗ ಒಂದರೆ ಉಳಿಯಬಾರದೇನು?”

ಸಿದ್ದಲಿಂಗಪ್ಪ ಮಾಸ್ತರರು ಕೇಳಿದ್ದು ಖಾಲಿ ಕಪಾಟನ್ನು. ಅದು ಬಾಯಿ ತೆರೆದೇ ನಿಂತಿತ್ತು.

ಗೋಕುಲ ರಸ್ತೆಯಲ್ಲಿ ಹೊಸದಾಗಿ ಪ್ರಕಾಶನ ತೆರೆದಿದ್ದ ಬಸವಪ್ರಭು ಬೆಳಿಗ್ಗೆಯೇ ಫೋನು ಮಾಡಿದ್ದ. “ಮಾಸ್ತರ, ನಿಮ್ಮ ಪದ್ಯದ ಪುಸ್ತಕ ಕಂಪ್ಯೂಟರ್‌ನ್ಯಾಗ ಜೋಡಿಸಿ ಮತ್ತ ಅಚ್ಚು ಹಾಕಸ್ತೇನ್ರಿ. ಐದಕ್ಕ ಧಾರವಾಡಕ್ಕ ಬರ್ತೇನಿ, ಒಂದು ಪ್ರತಿ ತಗದಿಡ್ರಿ. ಇಲ್ಲಾಂದ್ರ ಈ ವರ್ಷದ ಪಟ್ಟಿಯೊಳಗ ನೀವಿಲ್ಲ.”

ಹತ್ತು ವರ್ಷದ ಹಿಂದೆ ಅದನ್ನು ಅಚ್ಚು ಮಾಡಿದ್ದ ಗೌಸಸಾಬ ತನ್ನ ಮುದ್ರಣಾಲಯ ಮುಚ್ಚಿ, ಸೀಸದ ಅಚ್ಚಿನ ಮೊಳೆಗಳನ್ನು ಗುಜರಿಗೆ ತೂಕಕ್ಕೆ ಹಾಕಿದ್ದ. ಹಸ್ತಪ್ರತಿಯೂ ಅವುಗಳ ಹಿಂದೆಯೇ ಹೋಗಿತ್ತು. ಪುಸ್ತಕಗಳನ್ನೆಲ್ಲ ಮಾಸ್ತರರೇ ಗೌರವ ಪ್ರತಿಯೆಂದು ಹಂಚಿದ್ದರು. ಪ್ರತಿಯೊಂದರ ಮೊದಲ ಪುಟದಲ್ಲಿ ಸಹಿ. ಸಹಿಯ ಕೆಳಗೆ, ‘ಯಾರು ಕೇಳಿದರೂ ಕೊಡಬಾರದು.’

ಮಾಸ್ತರರು ಹೋಗಿ ಕೇಳಿದಾಗ ಎದುರುಮನೆಯ ಭುವನೇಶ್ವರಿ ನಕ್ಕಳು. “ಭಾಳ ಉಪಯೋಗ ಆತ್ರಿ ಕಾಕಾ. ಫ್ರಿಜ್ಜಿನ ಕಾಲ ಕೆಳಗ ಐತಿ.”

ಎಳೆದು ತೆಗೆದರೆ ಹಾಳೆಗಳು ಹಸಿ ಹಪ್ಪಳದಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಫ್ರಿಜ್ಜು ವಾಲಿತು. ಮಾಸ್ತರರು ಸೈಕಲ್ ಹತ್ತಿ ಲಕಮನಹಳ್ಳಿಯ ಗೆಳೆಯ ಹೊಳೆಯಪ್ಪನಲ್ಲಿಗೆ ಹೋದರು.

“ಅದನ್ನ ಓಣ್ಯಾಗಿನ ರಜನಿ ಲಗ್ನದಾಗ ಆಯೇರಿ ಅಂತ ಕಾಣಿಕಿ ಕೊಟ್ಟೆ” ಎಂದ ಅವನು.

“ಓದಿಯೇನು?”

“ಹೊಸಾದಿರಲಿ ಅಂತ ತೆರದs ಇಲ್ಲೋ.”

ಬಿಸಿಲಿಗೆ ಮಾಸ್ತರರ ತಲೆ ಹೆಂಚಿನಂತೆ ಕಾದಿತ್ತು. ರಜನಿಯ ಮನೆಯಲ್ಲಿ ಚಹಾ ಸಿಕ್ಕಿತು, ಪುಸ್ತಕ ಸಿಗಲಿಲ್ಲ.

“ನಿನ್ನೆ ಒಬ್ಬರಿಗೆ ಉಡಿ ತುಂಬಿದ್ವಿರಿ ಸರ್. ಉಡ್ಯಾಗ ಇಡೂ ಕುಬಸದ ಅರಿವಿ ತೀರಿತ್ತು, ಅದಕ್ಕ ಆ ಪುಸ್ತಕ ಇಟ್ಟು ಕೊಟ್ಟೆ.”

“ಯಾರಿಗವಾ? ಲಗೂ ಹೇಳು.”

“ಗೌರಕ್ಕಾರಿಗೆ. ನಿಮ್ಮ ಮನಿಯವರಿಗೇರಿ.”

ಮಾಸ್ತರರು ಮನೆ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಗೌರಕ್ಕ ದೇವರ ಜಗಲಿಯ ಮುಂದೆ ಕೂತು ತುಟಿ ಅಲ್ಲಾಡಿಸುತ್ತ ಅದನ್ನೇ ಓದುತ್ತಿದ್ದಳು.

“ಛಲೋ ಬರದೀರಿ” ಎಂದಳು, ತಲೆ ಎತ್ತದೆ. “ಊರಿಗೆಲ್ಲಾ ಹಂಚಿದ್ರಿ. ನನಗೊಂದು ಕೊಟ್ಟಿದ್ರೇನು?”

“ತಪ್ಪಾತು. ಈಗ ಕೊಡು. ಹೊಸಾದು ಬಂದ್ರ ಮೊದಲನೇದು ನಿನಗ.”

ಹೊರಗೆ ಬಸವಪ್ರಭುವಿನ ಸ್ಕೂಟರ್ ಹಾರ್ನು ಹೊಡೆಯಿತು.

“ಝೆರಾಕ್ಸ್ ಮಾಡಿಸಿ ಈಗಿಂದೀಗ ತಂದು ಕೊಡ್ತೇನಿ, ಗೌರೂ.”

ಗೌರಕ್ಕ ಮೊದಲ ಪುಟಕ್ಕೆ ತಿರುವಿ, ಗಂಡನ ಸಹಿಯ ಕೆಳಗೆ ಬೆರಳಿಟ್ಟಳು.

“ಯಾರು ಕೇಳಿದರೂ ಅಂತ ನೀವs ಬರದೀರಿ. ನಾ ಕೊಡಂಗಿಲ್ಲ.”