ಒಣಮಾವಿನ ತೋರಣ

ಆ ಸಲದ ದಸರಾಕ್ಕೆ ನಮ್ಮ ಮನೆಯ ಗೊಂಬೆಗಳ ಮೇಲೆ ಒಂದು ಚೂರೂ ಬಣ್ಣದ ಕಾಗದ ಇರಕೂಡದೆಂದು ನಾನು ಶಪಥ ಮಾಡಿದೆ! ಮುಳಬಾಗಿಲಿನಲ್ಲಿ ಆ ಕಾಗದ ಮಾರುತ್ತಿದ್ದವನು ಗೌಸ್ ಮೊಹಿದ್ದೀನ್ ಒಬ್ಬನೇ. ಯುದ್ಧದಿಂದಾಗಿ ಅವನ ಅಂಗಡಿಗೆ ಹೊಸ ಸರಕು ಬರುವುದೇ ನಿಂತಿತ್ತು. ಉಳಿದಿದ್ದ ಒಂದೇ ಕಟ್ಟನ್ನು ತೋರಿಸಿ, "ಇದು ಅಮಲ್ದಾರ್ ಸಾಹೇಬರ ಮನೆಗೆ ಎತ್ತಿಟ್ಟಿರೋದು ಸ್ವಾಮಿ," ಅಂದುಬಿಟ್ಟ. ತಾಲ್ಲೂಕು ಕಚೇರಿಯ ಗುಮಾಸ್ತನೆಂದರೆ ಅಷ್ಟು ಸಸಾರವೇ? ಅಮಲ್ದಾರರು ಕಾಗದ ಕಟ್ಟಿಕೊಳ್ಳಲಿ, ನಾನು ಹಣ್ಣು ಒಣಗಿಸಿ ತೋರಣ ಕಟ್ಟುತ್ತೇನೆ!

ಕಿತ್ತಳೆಹಣ್ಣನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು ಮಾಳಿಗೆಯ ಮೇಲೆ ಹರವಿದೆ. ನಾಲ್ಕನೆಯ ದಿನ ಕೋತಿಗಳು ಬಂದು, ಮರ್ಯಾದೆಗೆ ಹನ್ನೊಂದು ಬಿಲ್ಲೆ ಬಿಟ್ಟುಹೋದವು. ಅಷ್ಟರಲ್ಲಿ ತೋರಣವಾಗುತ್ತದೆಯೇ? ಆದರೆ ಸೋಲೊಪ್ಪುವ ಜಾಯಮಾನ ನನ್ನದಲ್ಲ. ಹೆಂಡತಿ ಭಾರತಮ್ಮ ಬಾವಿಗೆ ಹೋದ ಹೊತ್ತು ನೋಡಿ ಅಡುಗೆಮನೆಗೆ ನುಗ್ಗಿದೆ. ಬೇಸಗೆಯಲ್ಲಿ ಆಕೆ ಉಪ್ಪು ಹಚ್ಚಿ ಒಣಗಿಸಿ, ಸಾರಿಗೆಂದು ಜಾಡಿ ತುಂಬಿಟ್ಟಿದ್ದ ಮಾವಿನಕಾಯಿ ಹೋಳುಗಳು ಕಣ್ಣಿಗೆ ಬಿದ್ದವು. ತಳ ಕಾಣುವತನಕ ಪೋಣಿಸಿದೆ.

ಪಾಡ್ಯದ ದಿನ ಗೊಂಬೆಗಳ ಮೇಲಿಂದ ಬಾಗಿಲತನಕ ತೋರಣ ಮೆರೆಯಿತು. ಭಾರತಮ್ಮ ಅದನ್ನು ನೋಡಿದಳು, ಒಳಗೆ ಹೋಗಿ ಜಾಡಿಯನ್ನು ನೋಡಿದಳು, ಹೊರಗೆ ಬಂದು ನನ್ನನ್ನು ನೋಡಿದಳು.

"ಏನೂಂದ್ರೆ, ವರ್ಷದ ಸಾರೆಲ್ಲ ಅಲ್ಲಿ ನೇತಾಡ್ತಾ ಇದೆ. ಬಿದ್ದುಹೋದ್ರೆ ತಿನ್ನೋರ್ಯಾರು?"

"ನಾನು ಕಣೇ," ಎಂದು ಎದೆ ತಟ್ಟಿಕೊಂಡೆ. "ವಿಜಯದಶಮಿಗೆ ಮುಂಚೆ ಬಿದ್ರೆ ದಾರದ ಸಮೇತ ತಿಂತೀನಿ."

ಅಷ್ಟಮಿಯ ದಿನ ಮಳೆ ಹಿಡಿಯಿತು. ಥಂಡಿಗೆ ಉಪ್ಪುಹೋಳುಗಳು ಬೆವರತೊಡಗಿದವು. ಮೊದಲ ಹನಿ ಮಣ್ಣಿನ ಶೆಟ್ಟಿಗೊಂಬೆಯ ನೆತ್ತಿಗೆ ಬಿತ್ತು. ಶೆಟ್ಟಿಯ ಮೀಸೆ ಕರಗಿ ಹೊಟ್ಟೆಗಿಳಿಯಿತು. ನಾನು ನೋಡದವನಂತೆ ಇದ್ದುಬಿಟ್ಟೆ. ಸಂಜೆ ಅರಿಸಿನ ಕುಂಕುಮಕ್ಕೆ ಬಂದವರು ಇನ್ನಾರೂ ಅಲ್ಲ, ಅಮಲ್ದಾರರ ಹೆಂಡತಿ! ಆಕೆ ಹೊಸಿಲು ದಾಟುವುದಕ್ಕೂ, ನೆನೆದು ಭಾರವಾದ ತೋರಣ ಕಿತ್ತು ಬರುವುದಕ್ಕೂ ಸರಿಹೋಯಿತು. ನೇರವಾಗಿ ಆಕೆಯ ಕೊರಳಿಗೇ ಹಾರ! ರೇಷ್ಮೆ ಸೀರೆಯ ಮೇಲೆಲ್ಲ ಹುಳಿನೀರು! ನನ್ನ ನೌಕರಿ ಹೋಯಿತೆಂದುಕೊಂಡು ಕಂಬ ಹಿಡಿದು ನಿಂತೆ.

ಆಕೆ ಒಂದು ಹೋಳನ್ನು ಮೂಸಿ ನೋಡಿದರು. "ಭಾರತಮ್ಮ, ಇಷ್ಟು ಚೆನ್ನಾಗಿರೋ ಮಾವಿನಕಾಯಿ, ಪಾಪ, ಇದನ್ಯಾಕ್ರೀ ನೇಣು ಹಾಕಿದೀರಿ?"

ಭಾರತಮ್ಮ ಕಣ್ಣಲ್ಲೇ ನನ್ನ ಕಡೆ ತೋರಿಸಿ, ಹೋಳುಗಳನ್ನೆಲ್ಲ ಮೊರಕ್ಕೆ ಬಳಿದುಕೊಂಡು ಒಳಗೆ ಹೋದಳು.

ನಾನು ಸೋತೆನೆಂದು ಈಗಲೂ ಒಪ್ಪುವುದಿಲ್ಲ. ಎಂಟು ದಿನ ನಿಂತ ತೋರಣ ಅದು! ಮಾರನೆಯ ದಿನ ಎಲೆಯ ಮುಂದೆ ಕೂತು ಇದನ್ನೇ ವಾದಿಸುತ್ತಿದ್ದೆ. ಭಾರತಮ್ಮ ಸಾರು ಬಡಿಸಿದಳು. ಮೊದಲ ತುತ್ತಿಗೇ ಹಲ್ಲಿಗೆ ಏನೋ ಸಿಕ್ಕಿತು. ಎಳೆದೆ, ಬಂತು. ಇನ್ನೂ ಎಳೆದೆ, ಇನ್ನೂ ಬಂತು. ಮೊಳದುದ್ದದ ದಾರ!

ತಲೆಯೆತ್ತಿದರೆ ಎದುರಿಗೆ ಸೌಟು ಹಿಡಿದು ನಿಂತಿದ್ದಾಳೆ.

"ನಿಧಾನಕ್ಕೆ ತಿನ್ನಿ. ಇನ್ನೂ ಹನ್ನೆರಡು ಮೊಳ ಇದೆ."